ಅಪ್ಪ ಇಸ್ತ್ರಿ, ಅಮ್ಮ ಮೇಸ್ತ್ರಿ

ಸೇತುವೆ ಕೆಲಸದ ಕ್ಯಾಂಪು
ಜುಲೈ 9

ನನ್ನ ಮೊಂಡನಿಗೆ,

ಆಶೀರ್ವಾದ. ಅದರ ಜೊತೆಗೆ ಸಿಟ್ಟೂ ಇದೆ. ಎರಡನ್ನೂ ಒಂದೇ ಲಕೋಟೆಯಲ್ಲಿ ಹಾಕಿದ್ದೇನೆ.

ಭಾನುವಾರ ನೀನು ಫೋನ್ ಕಟ್ ಮಾಡಿದೆ. ಮತ್ತೆ ಮಾಡಿದರೆ ಎತ್ತಲಿಲ್ಲ. ಸರಿ, ಕಾಗದ ಬರೆಯುತ್ತೇನೆ. ಇದನ್ನು ಮಧ್ಯದಲ್ಲಿ ಕಟ್ ಮಾಡುವುದಕ್ಕೆ ಆಗುವುದಿಲ್ಲ. ಹರಿದು ಹಾಕಬಹುದು, ಆದರೆ ಹರಿಯುವ ಮುಂಚೆ ಓದೇ ಓದುತ್ತೀಯ, ನನಗೆ ಗೊತ್ತಿಲ್ಲವಾ? ಚಿಕ್ಕವನಿದ್ದಾಗ ಅಂಗಡಿಯಿಂದ ಪೊಟ್ಟಣ ಕಟ್ಟಿ ಬಂದ ಪೇಪರನ್ನೂ ಬಿಡದೆ ಓದುತ್ತಿದ್ದವನು ನೀನು.

ನಡೆದದ್ದನ್ನು ಮತ್ತೆ ಹೇಳುತ್ತೇನೆ, ಆವತ್ತು ನೀನು ಪೂರ್ತಿ ಕೇಳಿಸಿಕೊಳ್ಳಲಿಲ್ಲ. ನಮ್ಮ ಬೀದಿಯ ಔಷಧಿ ಅಂಗಡಿಯವಳು ನನಗೆ ಫೋನ್ ಮಾಡಿದ್ದಳು. ನಾನೂ ಅವಳೂ ಎಂಥ ಗೆಳತಿಯರು ಅಂತ ನಿನಗೆ ಹೇಳಬೇಕಾಗಿಲ್ಲ. ನೀನೂ ಅವಳ ಮಗಳೂ ಒಂದೇ ತೊಟ್ಟಿಲಿಗೆ ಜಗಳವಾಡಿದವರು. ಅವಳು ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತು ತಿರುಗಿಸಿ ಅಂದು ಹಾಯಾಗಿರುತ್ತಿದ್ದೆ. "ನಿನ್ನ ಮಗನಿಗೆ ಒಂದು ಮಾತು ಹೇಳೇ. ನನ್ನ ಮಗಳು ಶಾಲೆಗೆ ಹಿಂದಿನ ಗೇಟಿಂದ ಹೋಗ್ತಿದಾಳೆ" ಅಂದಳು, ಅಷ್ಟೇ. ಹುಡುಗರು ಅವಳನ್ನು ಕಂಡರೆ "ನೋ ಎಂಟ್ರಿ" ಅಂತ ಕೂಗುತ್ತಾರಂತೆ. ಆ ಹೆಸರು ಇಟ್ಟವನು ನೀನಂತೆ.

ಅದನ್ನು ಕೇಳಿದ್ದಕ್ಕೆ ನೀನು ಏನಂದೆ? "ಮನೇಲಿ ಇದ್ದಿದ್ರೆ ಕೇಳ್ಬಹುದಿತ್ತು. ಗಂಡಸರ ಕೆಲಸ ಮಾಡ್ಕೊಂಡು ಊರೂರು ಸುತ್ತೋಳಿಗೆ ಮಕ್ಕಳ ವಿಷಯ ಯಾಕೆ?" ಈ ಮಾತು ನಿನ್ನದಲ್ಲ ಕಣೋ. ಯಾರೋ ನಿನ್ನ ಬಾಯೊಳಗೆ ಕೂತು ಆಡಿದ ಹಾಗಿತ್ತು. ಆದರೆ ಬಾಯಿ ನಿನ್ನದೇ ತಾನೇ.

ಆಮೇಲೆ ಏಣಿ ಹತ್ತಿ ಕ್ರೇನಿನ ಕ್ಯಾಬಿನ್ನಿನಲ್ಲಿ ಕೂತೆ. ಸಿಟ್ಟು ಇಳಿದಿರಲಿಲ್ಲ. ಸಿಟ್ಟಿನಲ್ಲಿ ಭಾರ ಎತ್ತಬಾರದು. ನೀರು ಕುಡಿದು, ಅದು ಇಳಿಯುವವರೆಗೆ ಹಾಗೇ ಕೂತಿದ್ದೆ.

ನಾನು ಕೇಳುವುದು ಒಂದೇ. ಆ ಹೆಸರಿನ ಅರ್ಥ ಏನು ಅಂತ ನಿನ್ನ ಕೈಯಾರೆ ಬರೆದು ಕಳಿಸು.

ಇತಿ,
ನಿನ್ನ ಅಮ್ಮ


ಮನೆ
ಜುಲೈ 23

ಅಮ್ಮನಿಗೆ,

ಅಪ್ಪ ಬರಿ ಅಂತ ಎದುರಿಗೆ ಕೂತಿದ್ದಾರೆ, ಅದಕ್ಕೆ ಬರೆಯುತ್ತಿದ್ದೇನೆ.

ಅದು ತಮಾಷೆ. ಶಾಲೆಯಲ್ಲಿ ಎಲ್ಲರಿಗೂ ಒಂದೊಂದು ಹೆಸರಿದೆ. ಗಣಿತದ ಮೇಷ್ಟ್ರಿಗೆ "ಶೇಷ" ಅಂತ ಹೆಸರು, ತಲೆಯಲ್ಲಿ ಉಳಿದಿರುವ ಕೂದಲಿಗಾಗಿ. ಅವರ ಮನೆಯವರು ಯಾರಿಗೂ ಫೋನ್ ಮಾಡಲಿಲ್ಲ.

ಅರ್ಥ ಕೇಳಿದೆಯಲ್ಲ. ನಾನು ಅವಳಿಗೆ "ನೀನು ಇಷ್ಟ" ಅಂತ ಹೇಳಿದೆ. ಬೇಡ ಅಂದಳು. ಯಾಕೆ ಅಂತ ಕೇಳಿದರೆ "ಸುಮ್ನೆ, ಬೇಡ" ಅಂದಳು. ಸುಮ್ನೆ ಅಂದರೆ ಏನು? ಕಾರಣ ಇರಬೇಕಲ್ಲ? ಐದನೇ ಕ್ಲಾಸಿನಿಂದ ಒಟ್ಟಿಗೆ ಸೈಕಲ್ಲಿನಲ್ಲಿ ಹೋಗುವುದು, ನನ್ನ ಜೊತೆ ನಗುವುದು, ನನ್ನ ನೋಟ್ಸ್ ತೆಗೆದುಕೊಳ್ಳುವುದು, ಆಮೇಲೆ ಸುಮ್ನೆ ಬೇಡ. ಹಾಗಾದರೆ ಇಷ್ಟು ದಿನ ಯಾಕೆ ನಕ್ಕಳು? ನಾನು ಫೋನಿನಲ್ಲಿ ವಿಡಿಯೋ ಹಾಕುವ ಒಬ್ಬರ ಮಾತು ಕೇಳುತ್ತೇನೆ, ಲಕ್ಷಗಟ್ಟಲೆ ಜನ ಕೇಳುತ್ತಾರೆ. ಹುಡುಗಿಯರು ಬೇಡ ಅನ್ನುವುದು ಹುಡುಗನ ತಾಕತ್ತು ನೋಡುವುದಕ್ಕಂತೆ. ಬಿಟ್ಟುಕೊಟ್ಟವನು ಗಂಡಸೇ ಅಲ್ಲವಂತೆ. ಅದಕ್ಕೆ ಮತ್ತೆ ಕೇಳಿದೆ. ಅವಳ ಮನೆಯ ತಿರುವಿನಲ್ಲಿ ನಿಂತು ಕೇಳಿದೆ. ಒಂದು ದಿನ ಎಲ್ಲರ ಎದುರಿಗೆ "ನನ್ನ ದಾರಿ ಬಿಡು" ಅಂತ ಕಿರುಚಿದಳು. ಹುಡುಗರು ನನ್ನನ್ನು ನೋಡಿ ನಕ್ಕರು. ನಾನು "ಬಿಡ್ರೋ, ಆ ರಸ್ತೆ ನೋ ಎಂಟ್ರಿ" ಅಂದೆ. ಆಗ ಅವರು ಅವಳನ್ನು ನೋಡಿ ನಕ್ಕರು. ನಡೆದದ್ದು ಇಷ್ಟೇ.

ನನಗೆ ಏನಂತಾರೆ ಅಂತ ಯಾವತ್ತಾದರೂ ಕೇಳಿದ್ದೀಯಾ? "ಅಪ್ಪ ಇಸ್ತ್ರಿ, ಅಮ್ಮ ಮೇಸ್ತ್ರಿ." ಅಪ್ಪ ಅಡುಗೆ ಮಾಡಿಟ್ಟು ಅಂಗಡಿಯಲ್ಲಿ ಜನರ ಷರಟಿಗೆ ಇಸ್ತ್ರಿ ಹಾಕುವುದು, ಅಮ್ಮ ಹೆಲ್ಮೆಟ್ ಹಾಕಿಕೊಂಡು ಕ್ರೇನ್ ನಡೆಸುವುದು. ನಾನು ನಡೆದು ಹೋದರೆ ಹಿಂದಿನಿಂದ ತಾಳ ಹಾಕಿ ಹೇಳುತ್ತಾರೆ. ಎರಡು ವರ್ಷ ಆಯಿತು. ಆ ದಿನ ಮೊದಲ ಸಲ ಅವರು ನನ್ನ ಜೊತೆ ನಕ್ಕರು.

ಸಾಕು. ಅಪ್ಪ ಎದ್ದು ಹೋದರು.

ಮಗ


ಕ್ಯಾಂಪು
ಆಗಸ್ಟ್ 5

ಮೊಂಡ,

ಇಸ್ತ್ರಿ, ಮೇಸ್ತ್ರಿ ಅಂತ ಓದಿ ಮೊದಲು ನಗು ಬಂತು. ಸಿಟ್ಟಾಗಬೇಡ. ನಾನು ಮೇಸ್ತ್ರಿಯೂ ಅಲ್ಲ, ಇಲ್ಲಿನ ಮೇಸ್ತ್ರಿಗೆ ಈ ಸುದ್ದಿ ಮುಟ್ಟಿದರೆ ಕೆಲಸ ಬಿಟ್ಟು ಓಡಿಹೋದಾನು. ಆಮೇಲೆ ಎರಡು ವರ್ಷ ಅಂತ ಬರೆದದ್ದನ್ನು ಇನ್ನೊಂದು ಸಲ ಓದಿದೆ. ನಗು ಅಲ್ಲಿಗೇ ನಿಂತಿತು. ಎರಡು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ನನ್ನ ಎದುರಿಗೆ ಕೂತು ಊಟ ಮಾಡಿದೆಯಾ? ಅಳು ಬಂತು ಕಣೋ, ಮುಚ್ಚಿಡುವುದೇನು.

ಆದರೆ ಕೇಳು. ಬೆನ್ನ ಹಿಂದೆ ತಾಳ ಬಿದ್ದರೆ ಹೇಗಿರುತ್ತದೆ ಅಂತ ಇಡೀ ಶಾಲೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವನು ನೀನು. ಗೊತ್ತಿದ್ದೂ ಅದನ್ನೇ ಬಿಚ್ಚಿ ಅವಳ ಬೆನ್ನಿಗೆ ಕಟ್ಟಿದೆ. ತಮಾಷೆ ಅನ್ನುತ್ತೀಯ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅಂತ ಸುಮ್ಮನೆ ಹೇಳಿದ್ದಾರಾ? ಇನ್ನು ಆ ಫೋನಿನ ಮಹಾಶಯ. ಲಕ್ಷ ಜನ ಕೇಳಿದರೆ ಸುಳ್ಳು ನಿಜವಾಗುವುದಿಲ್ಲ ಮಗನೇ, ಜೋರಾಗುತ್ತದೆ ಅಷ್ಟೇ.

"ಸುಮ್ನೆ, ಬೇಡ" ಅಂದದ್ದು ನಿನಗೆ ಅರ್ಥವಾಗಲಿಲ್ಲ. ಕಳೆದ ವಾರ ಇಲ್ಲಿ ನಡೆದದ್ದು ಹೇಳುತ್ತೇನೆ. ನಮ್ಮಲ್ಲಿ ಕೆಳಗೆ ಸನ್ನೆ ಮಾಡುವವನು ಒಬ್ಬನಿರುತ್ತಾನೆ. ಎತ್ತು, ಇಳಿಸು, ತಿರುಗಿಸು, ಎಲ್ಲವನ್ನೂ ಅವನೊಬ್ಬನ ಕೈ ನೋಡಿಯೇ ಮಾಡಬೇಕು. ಬೇರೆ ಯಾರು ಹೇಳಿದರೂ ಮಾಡಬಾರದು. ಆದರೆ "ನಿಲ್ಲಿಸು" ಅನ್ನುವ ಸನ್ನೆಯನ್ನು ಮಾತ್ರ ಯಾರು ಬೇಕಾದರೂ ಮಾಡಬಹುದು. ಕೈ ಪಕ್ಕಕ್ಕೆ ಚಾಚಿ, ಅಂಗೈ ನೆಲಕ್ಕೆ ಮಾಡಿ, ಅತ್ತಿತ್ತ ಬೀಸಿದರೆ ಮುಗಿಯಿತು. ಇಂಜಿನಿಯರ್ ಬೀಸಲಿ, ಕಸ ಗುಡಿಸುವವಳು ಬೀಸಲಿ, ದಾರಿಹೋಕನೇ ಬೀಸಲಿ, ನಾನು ನಿಲ್ಲಿಸಬೇಕು. ಯಾಕೆ ಅಂತ ಕೇಳುವುದೆಲ್ಲ ಆಮೇಲೆ.

ಆವತ್ತು ಕಬ್ಬಿಣದ ಸರಳಿನ ಕಟ್ಟು ಎತ್ತುತ್ತಿದ್ದೆ. ನೀರಿನ ಡ್ರಮ್ಮಿನ ಹತ್ತಿರ ಒಬ್ಬ ಕೈ ಚಾಚಿ ಬೀಸಿದ. ನಿಲ್ಲಿಸಿದೆ. ಕೆಳಗೆ ಎಲ್ಲರ ಕೆಲಸವೂ ನಿಂತಿತು. ಮೇಸ್ತ್ರಿ ಓಡಿ ಬಂದ, ಹಗ್ಗ ನೋಡಿದರು, ಕೊಂಡಿ ನೋಡಿದರು, ಏನೂ ಆಗಿಲ್ಲ. ಕೊನೆಗೆ ಅವನನ್ನೇ ಕೇಳಿದರೆ, "ಕಣಜ ಬಂದಿತ್ತು ಸಾರ್, ಓಡಿಸ್ತಿದ್ದೆ" ಅಂದ! ಎಲ್ಲರೂ ಬಿದ್ದು ಬಿದ್ದು ನಕ್ಕರು. ನನಗೆ ಬೈಗುಳ ಗ್ಯಾರಂಟಿ ಅಂದುಕೊಂಡೆ. ಮೇಸ್ತ್ರಿ ವೈರ್‌ಲೆಸ್ಸಿನಲ್ಲಿ, "ಸರಿಯಾಗೇ ಮಾಡಿದ್ರಮ್ಮ. ನಾಳೆ ಕಣಜ ಬಂದ್ರೆ ನಾಳೇನೂ ನಿಲ್ಸಿ" ಅಂದ.

ಅವಳು ಬೇಡ ಅಂದ ಮೇಲೆ ನೀನು ಎಷ್ಟು ಸಲ ಯಾಕೆ ಅಂತ ಕೇಳಿದೆ? ಉತ್ತರ ನನಗೆ ಬರೆಯಬೇಡ. ನಿನಗೆ ನೀನೇ ಹೇಳಿಕೋ.

ಇತಿ,
ಅಮ್ಮ


ಅಂಗಡಿಯಿಂದ
ಸೆಪ್ಟೆಂಬರ್ 4

ಇವಳೇ,

ಇಲ್ಲಿ ನಾವಿಬ್ಬರೂ ಇದ್ದೇವೆ. ಚೆನ್ನಾಗಿದ್ದೇವೆ ಅಂತ ಬರೆಯಲು ಕೈ ಬರುವುದಿಲ್ಲ. ನಿನ್ನ ಮಗ ಉತ್ತರ ಹಾಕಿರಲಿಕ್ಕಿಲ್ಲ. ನಿನ್ನ ಕಾಗದ ಅವನ ದಿಂಬಿನ ಕೆಳಗಿದೆ. ನಾನು ಓದಲಿಲ್ಲ, ಒಗೆಯಲು ದಿಂಬಿನ ಕವರು ತೆಗೆದಾಗ ಕಂಡಿತು.

ಮೊನ್ನೆ ಅವನ ಗೆಳೆಯರು ಷರಟು ಕೊಡಲು ಬಂದಿದ್ದರು. ಒಬ್ಬ ಕಣ್ಣು ಮಿಟುಕಿಸಿ "ಅಂಕಲ್, ಮೇಸ್ತ್ರಿ ಆಂಟಿ ಯಾವಾಗ ಬರ್ತಾರೆ?" ಅಂದ. ನಾನು ನಕ್ಕುಬಿಟ್ಟೆ. "ಪ್ರಾಸ ಚೆನ್ನಾಗಿ ಕೂಡಿದೆ ಕಣಪ್ಪ, ಯಾರು ಕಟ್ಟಿದ್ದು?" ಅಂತ ಕೇಳಿದೆ. ಹುಡುಗನ ಮುಖ ಸಣ್ಣದಾಯಿತು. ಅವರು ಹೋದ ಮೇಲೆ ನಿನ್ನ ಮಗ ನನ್ನ ಮೇಲೆ ಹಾರಾಡಿದ. "ನಿಮಗೆ ಮಾನ ಮರ್ಯಾದೆ ಇಲ್ವಾ ಅಪ್ಪ? ನಗ್ತೀರಲ್ಲ!" ಅಂದ. "ನಿಮ್ಮಮ್ಮನ ಕೆಲಸಕ್ಕೆ ನಾನ್ಯಾಕೋ ನಾಚ್ಕೋಬೇಕು? ನನ್ನ ಕೆಲಸಕ್ಕೆ ಅವಳು ನಾಚ್ಕೊಂಡಿದ್ದು ನೋಡಿದೀಯಾ?" ಅಂದೆ. ಅಷ್ಟರಲ್ಲಿ ಕೈಯಲ್ಲಿದ್ದ ಷರಟಿನ ಕಾಲರು ಸುಟ್ಟುಹೋಗಿತ್ತು. ನನ್ನ ಕೈಯಲ್ಲಿ ಬಟ್ಟೆ ಸುಡುವುದು ಅಪರೂಪ, ನಿನಗೇ ಗೊತ್ತು.

ಔಷಧಿ ಅಂಗಡಿಯ ಮಗು ಈ ವಾರ ಶಾಲೆಗೆ ಹೋಗಿಲ್ಲ. ತಲೆನೋವಿನ ಮಾತ್ರೆಗೆ ಹೋಗಿದ್ದೆ. ಮೊದಲೆಲ್ಲ "ಮಾಮ, ಇವತ್ತು ಏನು ಅಡುಗೆ ಮಾಡಿದ್ರಿ?" ಅಂತ ರೇಗಿಸುತ್ತಿದ್ದವಳು ನನ್ನನ್ನು ಕಂಡ ಕೂಡಲೇ ಎದ್ದು ಒಳಗೆ ಹೋದಳು. ನಾನು ಏನು ಮಾಡಿದ್ದೆ ಹೇಳು? ಆದರೂ ಕಳ್ಳನ ಹಾಗೆ ತಲೆ ತಗ್ಗಿಸಿಕೊಂಡು ಬಂದೆ.

ಹುಷಾರಾಗಿ ಹತ್ತು, ಹುಷಾರಾಗಿ ಇಳಿ.

ಇತಿ,
ಇಸ್ತ್ರಿಯವನು


ಮನೆ
ಸೆಪ್ಟೆಂಬರ್ 18

ಅಮ್ಮ,

ಇದನ್ನು ಅಪ್ಪ ಬರೆಸುತ್ತಿಲ್ಲ.

ಆ ಹೆಸರು ಈಗ ನನ್ನ ಕೈಯಲ್ಲಿಲ್ಲ. ನಾನು ನೋ ಎಂಟ್ರಿ ಅಂದೆ. ಅವರು ಅದಕ್ಕೆ ಬಾಲ ಕಟ್ಟಿದರು. ಯಾರಿಗೆ ಎಂಟ್ರಿ ಇದೆ, ಯಾವಾಗ ಎಂಟ್ರಿ ಇದೆ, ಇನ್ನೂ ಏನೇನೋ, ನಿನಗೆ ಬರೆಯಲಾಗದಂಥವು. ಹುಡುಗರ ಶೌಚಾಲಯದ ಬಾಗಿಲ ಮೇಲೆ ಯಾರೋ ಬರೆದಿದ್ದಾರೆ. ಒದ್ದೆ ಬಟ್ಟೆ ತೆಗೆದುಕೊಂಡು ಉಜ್ಜಿದೆ, ಹೋಗಲಿಲ್ಲ.

ಸೋಮವಾರ ಅವಳು ಶಾಲೆಗೆ ಬಂದಿದ್ದಳು. ಮೆಟ್ಟಿಲ ಹತ್ತಿರ ಆರನೇ ಕ್ಲಾಸಿನ ಒಂದು ಪುಟ್ಟ ಹುಡುಗಿ ಅವಳ ಬಳಿ ಓಡಿ ಬಂದು, "ಅಕ್ಕಾ, ನೋ ಎಂಟ್ರಿ ಅಕ್ಕ ಅಂದ್ರೆ ನೀವೇನಾ? ಲೈಬ್ರರಿ ಮಿಸ್ ಕರೀತಿದಾರೆ" ಅಂತು. ಆ ಮಗುವಿಗೆ ಅದು ಬೈಗುಳ ಅಂತ ಗೊತ್ತಿರಲಿಲ್ಲ, ಅವಳ ಹೆಸರೇ ಅದು ಅಂದುಕೊಂಡಿತ್ತು. ಅವಳು "ಹೂಂ, ನಾನೇ" ಅಂದಳು ಅಮ್ಮ. ನಾನೇ ಅಂದಳು. ಅಂದು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು. ನಾನು ಕಂಬದ ಹಿಂದೆ ಇದ್ದೆ.

ಅವಳು ಶಾಲೆ ಬಿಡುತ್ತಾಳಂತೆ, ಬೇರೆ ಕಡೆ ವಿಚಾರಿಸಿದ್ದಾರಂತೆ. ನಾನು ಅವರ ಮನೆಗೆ ಹೋಗಿ ಅವಳ ಕಾಲಿಗೆ ಬಿದ್ದು ಕ್ಷಮೆ ಕೇಳುತ್ತೇನೆ. ನೀನು ಅವಳ ಅಮ್ಮನಿಗೆ ಫೋನ್ ಮಾಡಿ ಬಾಗಿಲು ತೆರೆಯಲು ಹೇಳು. ಅವಳು ಕ್ಷಮಿಸಿದರೆ ಎಲ್ಲ ಸರಿಹೋಗುತ್ತದೆ. ನನಗೆ ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ. ಫೋನಿನವನ ಮಾತು ಕೇಳುವುದನ್ನು ಬಿಟ್ಟಿದ್ದೇನೆ. ನೀನು ಫೋನ್ ಮಾಡುತ್ತೀಯ ಅಲ್ಲವಾ?

ನಿನ್ನ ಮೊಂಡ


ಕ್ಯಾಂಪು
ಸೆಪ್ಟೆಂಬರ್ 29

ಮೊಂಡ,

ಮಾಡುವುದಿಲ್ಲ.

ನಿನ್ನ ಕಾಗದ ಓದಿ ಕರುಳು ಹಿಂಡಿತು. ಆದರೂ ಮಾಡುವುದಿಲ್ಲ. ಅವಳು "ನನ್ನ ದಾರಿ ಬಿಡು" ಅಂದಳು, ನೀನೇ ಬರೆದದ್ದು. ಕ್ಷಮೆ ಕೇಳಲು ಹೋಗಿ ನಿಂತರೂ ನಿಂತದ್ದು ಅವಳ ದಾರಿಯಲ್ಲೇ ತಾನೇ? ಅವಳು ಬಾಗಿಲು ತೆರೆಯಬೇಕು, ನಿನ್ನ ಅಳು ನೋಡಬೇಕು, ಪರವಾಗಿಲ್ಲ ಬಿಡು ಅನ್ನಬೇಕು. ನಿನಗೆ ನಿದ್ದೆ ಬರಲಿ ಅಂತ ಅವಳು ಇಷ್ಟೆಲ್ಲ ಮಾಡಬೇಕಾ? ಮುಂದೆ ಯಾವತ್ತಾದರೂ ಅವಳೇ ಬಂದು ಕೇಳಿದರೆ ಹೇಳು. ಅಲ್ಲಿಯವರೆಗೆ ಅವರ ಮನೆಯ ತಿರುವಿನಲ್ಲಿ ನಿನ್ನ ನೆರಳೂ ಬೀಳಬಾರದು.

ಕ್ರೇನ್ ನಿಲ್ಲಿಸಿದ ಕೂಡಲೇ ಭಾರ ನಿಲ್ಲುವುದಿಲ್ಲ, ತೂಗಾಡುತ್ತಲೇ ಇರುತ್ತದೆ. ಹೊಸಬರು ಗಾಬರಿಯಾಗಿ ಅತ್ತ ಎಳೆದು ಇತ್ತ ಎಳೆದು ಇನ್ನೂ ಜಾಸ್ತಿ ತೂಗಿಸುತ್ತಾರೆ. ಅದು ತಾನಾಗಿ ನಿಲ್ಲುವವರೆಗೆ ಕಾಯುತ್ತ ಕೂರುವುದು ಎಷ್ಟು ಕಷ್ಟ ಅಂತ ನನಗೆ ಗೊತ್ತು.

ಹಾಗಂತ ಕೈಕಟ್ಟಿ ಕೂರು ಅಂತ ಹೇಳುತ್ತಿಲ್ಲ. ಆ ಮಾತನ್ನು ನೀನು ಎಲ್ಲಿ ಬಿಟ್ಟೆ? ಅವಳ ಮನೆ ಬಾಗಿಲಲ್ಲಿ ಅಲ್ಲ, ಹುಡುಗರ ನಡುವೆ ಬಿಟ್ಟೆ. ಅಲ್ಲಿಗೆ ಹೋಗು. ಅವಳ ಕಾಲಿಗೆ ಬೀಳುವುದು ಸುಲಭ ಮಗನೇ, ನಿನ್ನ ಜೊತೆ ನಗುವವರ ಎದುರು ನೆಟ್ಟಗೆ ನಿಲ್ಲುವುದು ಕಷ್ಟ. ಅವರು ಮತ್ತೆ ತಾಳ ಹಾಕಬಹುದು. ನಿನ್ನನ್ನು ಒಂಟಿ ಮಾಡಬಹುದು. ಅದು ಗೊತ್ತಿದ್ದೇ ಹೇಳುತ್ತಿದ್ದೇನೆ. ಬಾಗಿಲ ಮೇಲಿನ ಬರಹದ ವಿಷಯ ನಿಮ್ಮ ಕ್ಲಾಸ್ ಟೀಚರಿಗೆ ಫೋನ್ ಮಾಡಿ ನಾನೇ ಹೇಳಿದೆ. ಅದು ದೊಡ್ಡವರು ನೋಡಬೇಕಾದದ್ದು, ಒದ್ದೆ ಬಟ್ಟೆಯ ಕೆಲಸ ಅಲ್ಲ. ನಿನ್ನ ಹೆಸರನ್ನೂ ಹೇಳಿದ್ದೇನೆ. ಕರೆದರೆ ಹೋಗು, ನೆಪ ಹೇಳಬೇಡ.

ನನ್ನ ಭಯ ಏನು ಅಂತ ಹೇಳಿಬಿಡುತ್ತೇನೆ. ನಾಳೆ ನೀನು ದೊಡ್ಡವನಾಗಿ ಯಾವ ಹೆಣ್ಣಿನ ಎದುರು ನಿಂತರೂ, ಅವಳು ಮೊದಲು ತಪ್ಪಿಸಿಕೊಳ್ಳಲು ಬಾಗಿಲು ಎಲ್ಲಿದೆ ಅಂತ ನೋಡಬೇಕಾಗುವಂಥ ಗಂಡಸಾಗಿಬಿಡುತ್ತೀಯೇನೋ ಅಂತ. ಹೊತ್ತು ಹೆತ್ತವಳಿಗೆ ಇದಕ್ಕಿಂತ ದೊಡ್ಡ ಭಯ ಇಲ್ಲ ಕಣೋ.

ಇತಿ,
ಅಮ್ಮ


ಮನೆ
ಅಕ್ಟೋಬರ್ 20

ಅಮ್ಮ,

ಮಾಡಿದೆ. ಚೆನ್ನಾಗಿ ಮಾಡಲಿಲ್ಲ.

ಟೀಚರ್ ಕರೆದಿದ್ದರು. ಹೋಗಿ, ಹೆಸರಿಟ್ಟವನು ನಾನೇ ಅಂದೆ. ಆ ಬಾಗಿಲಿಗೆ ನನ್ನ ಕೈಯಲ್ಲೇ ಬಣ್ಣ ಬಳಿಸಿದರು. ಅದೇನೂ ಕಷ್ಟವಾಗಲಿಲ್ಲ. ಆಮೇಲೆ ಎಷ್ಟೋ ದಿನ ಸೈಕಲ್ ಸ್ಟ್ಯಾಂಡಿನಲ್ಲಿ ಹುಡುಗರ ಜೊತೆ ಕೂತು, ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಅಂದುಕೊಂಡು ಬಾಯಿ ಮುಚ್ಚಿಕೊಂಡು ಬಂದೆ.

ಬುಧವಾರ ಅವಳು ಸೈಕಲ್ ತೆಗೆಯಲು ಬಂದಳು. ಅವರು ಶುರು ಮಾಡಿದರು. ನಾನು ಎದ್ದು ಅವರ ಎದುರಿಗೆ ನಿಂತೆ. ಬಾಯಿ ತೆರೆದರೆ ಸ್ವರವೇ ಬರಲಿಲ್ಲ. ಕೈ ತಾನಾಗಿ ಪಕ್ಕಕ್ಕೆ ಹೋಯಿತು. ಅಂಗೈ ನೆಲಕ್ಕೆ ಮಾಡಿ ಬೀಸಿದೆ, ನೀನು ಬರೆದ ಹಾಗೇ. ನನಗೆ ಏನೋ ಆಗಿಹೋಯಿತು ಅಂತ ಎಲ್ಲರೂ ನನ್ನನ್ನೇ ನೋಡಿದರು. ಆಮೇಲೆ ಒಬ್ಬ "ಏನೋ ಇದು, ಡ್ಯಾನ್ಸಾ?" ಅಂದ. ಇನ್ನೊಬ್ಬ "ಮರಿ ಮೇಸ್ತ್ರಿ ಕಣ್ರೋ!" ಅಂದ. ಎಲ್ಲರೂ ಬಿದ್ದು ನಕ್ಕರು. ಆಗ ಸ್ವರ ಬಂತು. "ಆ ಹೆಸರು ಇಟ್ಟೋನು ನಾನು. ಅವಳು ಬೇಡ ಅಂದ್ಲು, ನಂಗೆ ಅವಮಾನ ಆಯ್ತು, ಅದಕ್ಕೆ ಇಟ್ಟೆ. ಅವಳ ಬಗ್ಗೆ ನೀವು ಹೇಳೋದೆಲ್ಲ ಸುಳ್ಳು. ಇನ್ಮೇಲೆ ಕೂಗ್ಬೇಡಿ" ಅಂದೆ.

ಅವಳು ಪಕ್ಕದಲ್ಲೇ ಸೈಕಲ್ಲಿನ ಬೀಗ ತೆಗೆಯುತ್ತಿದ್ದಳು. ಕೀ ಕೈಜಾರಿ ಕೆಳಗೆ ಬಿತ್ತು. ಎತ್ತಿಕೊಡೋಣ ಅನ್ನಿಸಿತು. ಎತ್ತಿಕೊಡಲಿಲ್ಲ. ಹಿಂದೆ ಸರಿದು ದಾರಿ ಬಿಟ್ಟೆ. ನನ್ನ ಕಡೆ ನೋಡದೆ ಹೋದಳು.

ಈಗ ನನ್ನ ಬೆಂಚಿನಲ್ಲಿ ನಾನೊಬ್ಬನೇ. ಶನಿವಾರ ಅವಳು ಶಾಲೆ ಬಿಟ್ಟಳು. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯಿತು. ನಾನು ಮಾಡಿದ್ದರಿಂದ ಏನು ಪ್ರಯೋಜನ ಅಮ್ಮ?

ಮೊಂಡ


ಕ್ಯಾಂಪು
ನವೆಂಬರ್ 6

ಮಗನೇ,

ಏನು ಪ್ರಯೋಜನ ಅಂತ ನನಗೂ ಗೊತ್ತಿಲ್ಲ. ಸುಳ್ಳು ಸಮಾಧಾನ ಹೇಳಲು ಮನಸ್ಸಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳ ಶಾಲೆ ಹೋಯಿತು, ಗೆಳತಿಯರು ಹೋದರು, ತೊಟ್ಟಿಲ ಕಾಲದ ಗೆಳೆಯನೂ ಹೋದ.

ಔಷಧಿ ಅಂಗಡಿಯವಳು ಮೊನ್ನೆ ತಾನಾಗಿಯೇ ಫೋನ್ ಮಾಡಿದ್ದಳು. ನಿನ್ನ ಪರವಾಗಿ ನಾನು ಒಂದು ಮಾತೂ ಆಡಲಿಲ್ಲ. ಹೊಸ ಶಾಲೆ ದೂರ, ಮಗಳು ಬಸ್ಸಿಗೆ ಹೋಗುತ್ತಾಳೆ, ನಗು ಕಡಿಮೆಯಾಗಿದೆ ಅಂದಳು. ಆಮೇಲೆ ಇನ್ನೊಂದು ಹೇಳಿದಳು. ಆ ಬುಧವಾರ ಮಗಳು ಮನೆಗೆ ಬಂದು, ಸೈಕಲ್ ನಿಲ್ಲಿಸಿ, ಬೀದಿಯ ಕಡೆಗೇ ನೋಡುತ್ತ ನಿಂತಿದ್ದಳಂತೆ. ಏನೇ ಅಂತ ಕೇಳಿದರೆ, "ಸಾರಿ ಹೇಳ್ತೀನಿ ಅಂತ ಹಿಂದೇನೇ ಬರ್ತಾನೆ ಅನ್ಕೊಂಡಿದ್ದೆ. ಬರ್ಲಿಲ್ಲ" ಅಂದಳಂತೆ. ಅಂದು, ಒಳಗೆ ಹೋಗಿ ತಾನೇ ಬಡಿಸಿಕೊಂಡು ಊಟ ಮಾಡಿದಳಂತೆ.

ಇದು ಕ್ಷಮೆ ಅಲ್ಲ. ಹಾಗೆ ತಿಳಿದುಕೊಳ್ಳಬೇಡ. ಆದರೂ ಇದನ್ನು ಕೇಳಿ ನನಗೆ ಎಷ್ಟು ಹಗುರವಾಯಿತು ಅಂದರೆ, ಕ್ಯಾಬಿನ್ನಿನಲ್ಲಿ ಕೂತು ಕಣ್ಣೊರೆಸಿಕೊಂಡೆ. ಕೆಳಗಿನವರಿಗೆ ಕಾಣುವುದಿಲ್ಲ, ಅದೊಂದು ಅನುಕೂಲ.

ಸೇತುವೆ ಆ ದಡ ಮುಟ್ಟಿತು. ಮುಂದಿನ ತಿಂಗಳು ಮನೆಗೆ ಬರುತ್ತೇನೆ.

ಇತಿ,
ಅಮ್ಮ


ಮನೆ
ಡಿಸೆಂಬರ್ 12

ಅಮ್ಮ,

ಅಪ್ಪ ಬೀರುವಿನಲ್ಲಿದ್ದ ನಿನ್ನ ಬಟ್ಟೆಗಳನ್ನೆಲ್ಲ ತೆಗೆದು ಇಸ್ತ್ರಿ ಮಾಡಿ ಇಟ್ಟಿದ್ದಾರೆ. ಮೊದಲೇ ಇಸ್ತ್ರಿ ಆಗಿದ್ದವನ್ನೂ ಬಿಟ್ಟಿಲ್ಲ. ಬಸ್ ಸ್ಟ್ಯಾಂಡಿಗೆ ನಾನು ಬರುತ್ತೇನೆ. ಹೆಲ್ಮೆಟ್ಟನ್ನು ಚೀಲದೊಳಗೆ ಹಾಕಬೇಡ. ಕಳೆದ ಸಲ ನಾನೇ ಹಠ ಮಾಡಿ ಹಾಕಿಸಿದ್ದೆ. ಈ ಸಲ ಕೈಯಲ್ಲಿ ಕೊಡು, ನಾನು ಹಿಡಿದುಕೊಂಡು ಬರುತ್ತೇನೆ.

ಒಂದು ವಿಷಯ ನಿನಗೆ ಹೇಳದೆ ಮುಚ್ಚಿಟ್ಟಿದ್ದೆ. ಅವಳು ಹೋದಳು, ಹೆಸರು ಹೋಗಲಿಲ್ಲ. ಎಂಟನೇ ಕ್ಲಾಸಿನ ಒಬ್ಬಳು ಯಾರಿಗೋ ಬೇಡ ಅಂದಳಂತೆ. ಈಗ ಅವಳನ್ನು ನೋ ಎಂಟ್ರಿ ಅನ್ನುತ್ತಾರೆ. ಕೂಗುವ ಹುಡುಗರಿಗೆ ಅದು ಯಾರು ಇಟ್ಟ ಹೆಸರು, ಯಾರಿಗೆ ಇಟ್ಟದ್ದು, ಏನೂ ಗೊತ್ತಿಲ್ಲ. ಕಿವಿಗೆ ಬಿದ್ದಾಗಲೆಲ್ಲ ಹೋಗಿ ಕೈ ಚಾಚಿ ನಿಲ್ಲುತ್ತೇನೆ. ನಗುತ್ತಾರೆ. ಒಬ್ಬ ತಳ್ಳಿದ, ಮೊಣಕೈ ತರಚಿತು. ಕೆಲವು ದಿನ ಸಾಕಪ್ಪ ಸಾಕು ಅನ್ನಿಸಿ ಬೇರೆ ದಾರಿಯಲ್ಲಿ ಹೋಗಿಬಿಡುತ್ತೇನೆ. ಹಿಂದಿನ ಸಾಲಿನ ಒಬ್ಬ ಈಗ ನನ್ನ ಬೆಂಚಿಗೆ ಬಂದು ಕೂರುತ್ತಾನೆ.

ನಿನ್ನೆ ಮೆಟ್ಟಿಲ ಹತ್ತಿರ ಯಾರೋ ಆ ಹೆಸರು ಕೂಗಿದ. ನಾನು ಮೇಲಿನ ಮಹಡಿಯಲ್ಲಿದ್ದೆ. ಇಳಿದು ಬರುವಷ್ಟರಲ್ಲಿ ಆರನೇ ಕ್ಲಾಸಿನ ಆ ಪುಟ್ಟ ಹುಡುಗಿ, ಆವತ್ತು "ನೋ ಎಂಟ್ರಿ ಅಕ್ಕ ನೀವೇನಾ" ಅಂತ ಕೇಳಿದ್ದವಳು, ಅವನ ಎದುರಿಗೆ ಕೈ ಚಾಚಿ ನಿಂತಿದ್ದಳು. ಅವನ ಭುಜಕ್ಕೂ ಬರುವುದಿಲ್ಲ. ಸನ್ನೆ ತಪ್ಪು ಮಾಡಿದ್ದಳು ಅಮ್ಮ, ಅಂಗೈ ಮೇಲಕ್ಕಿತ್ತು, ಏನೋ ಕೊಡು ಅಂತ ಕೇಳುವ ಹಾಗೆ. ಅವನು ನಗಲು ಬಾಯಿ ತೆರೆದ. ಆಮೇಲೆ ಯಾಕೋ ಮುಚ್ಚಿಕೊಂಡು ಹೋದ.

ನೀನು ಬಂದ ಮೇಲೆ ಅವಳಿಗೆ ಸರಿಯಾಗಿ ಹೇಳಿಕೊಡಬೇಕು. ನಾನೇ ಹೇಳಿಕೊಡೋಣ ಅಂತ ಹತ್ತಿರ ಹೋದೆ, "ಅಣ್ಣಾ, ಆ ಕೆಟ್ಟ ಹೆಸರು ಮೊದಲು ಇಟ್ಟೋರು ಯಾರು?" ಅಂತ ಕೇಳಿತು. ಬೆಲ್ ಹೊಡೆಯಿತು, ತಪ್ಪಿಸಿಕೊಂಡು ಬಂದೆ. ಸೋಮವಾರ ಹೇಳುತ್ತೇನೆ. ನೀನು ಬರುವುದರೊಳಗೆ ಹೇಳಿರುತ್ತೇನೆ.

ಇತಿ,
ಮರಿ ಮೇಸ್ತ್ರಿ